ನಂಬಿದ ಗುಳಿಗೆ

ನಮ್ಮ ಕುಂದಾಪುರದ ಕಡೆ ಮಳೆಗಾಲದ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರುಗಳಿವು. ಶಿರೂರಿನಿಂದ ಬ್ರಹ್ಮಾವರದ ತನಕ ಜೂನ್‌ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಥಂಡಿ, ಹಾಸಿಗೆಗೂ ಥಂಡಿ, ಎದೆಗೂ ಥಂಡಿ. ಮಳೆ ಬಿಟ್ಟ ಮೇಲೂ ಕೆಮ್ಮು ಬಿಡದಿದ್ದರೆ ಬೇರೆ ಕಾರಣಗಳು ತಯಾರಿರುತ್ತವೆ. ಬಚ್ಚಲೊಲೆಯ ಹೊಗೆ, ಗೇರುಬೀಜದ ಕಾರ್ಖಾನೆಯ ಹೊಗೆ, ಹಂಚಿನ ಕಾರ್ಖಾನೆಯ ಧೂಳು, ಬೀಡಿ ಕಟ್ಟುವ ಮನೆಯ ಹೊಗೆಸೊಪ್ಪಿನ ಪುಡಿ. ಇದ್ಯಾವುದೂ ಇಲ್ಲದವರಿಗೆ ವಯಸ್ಸು ಇದ್ದೇ ಇದೆ. ಕಾರಣಗಳಿಗೆ ಬರವೇ ಇಲ್ಲದ ಇಂಥ ಊರಿನಲ್ಲಿ ನಿಜವಾದ ಕಾರಣವೊಂದು ಎಷ್ಟು ವರ್ಷ ಬೇಕಾದರೂ ತಲೆಮರೆಸಿಕೊಂಡು ಇರಬಹುದು.

ಅಂಥದೊಂದು ಕಾರಣದ ಬಗ್ಗೆ ಯೋಚಿಸುತ್ತಿದ್ದೇನೆ. ಅದೊಂದು ಔಷಧಿ, ಅದೂ ಒಳ್ಳೆಯ ಔಷಧಿ. ಹೆಸರು ನೈಟ್ರೋಫ್ಯೂರಾಂಟಾಯಿನ್. ಮೂತ್ರಕೋಶದ ಸೋಂಕಿಗೆ ಕೊಡುವ ಆ್ಯಂಟಿಬಯೋಟಿಕ್. ಉರಿಮೂತ್ರದ ಸಂಕಟ ಉಂಡವರಿಗೆ ಈ ಹೆಸರು ನೆನಪಿರಲಿಕ್ಕಿಲ್ಲ, ಆದರೆ ಅದನ್ನು ನುಂಗಿದ ಮೇಲೆ ಮೂತ್ರ ಗಾಢ ಹಳದಿಗೋ ಕಂದುಬಣ್ಣಕ್ಕೋ ತಿರುಗಿ ಹೆದರಿಸಿದ್ದು ನೆನಪಿದ್ದೀತು. ಅಪರೂಪಕ್ಕೆ, ಕೆಲವೇ ಕೆಲವರಲ್ಲಿ, ಈ ಔಷಧಿ ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸುತ್ತದೆ. ಗುಣವಾಗಬೇಕಾದದ್ದು ಕಿಬ್ಬೊಟ್ಟೆಯಲ್ಲಿ, ಕೆಡುವುದು ಎದೆಯಲ್ಲಿ.

ಒಬ್ಬ ದೊಡ್ಡಮ್ಮನನ್ನು ಕಲ್ಪಿಸಿಕೊಳ್ಳೋಣ. ಇವರು ಯಾರ ಮನೆಯವರೂ ಅಲ್ಲ. ವೈದ್ಯಕೀಯ ಪತ್ರಿಕೆಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ರೋಗಿಯನ್ನೇ ನಾನು ಹೆಮ್ಮಾಡಿಗೆ ಕರೆತಂದಿದ್ದೇನೆ. ಅರವತ್ತೈದು ದಾಟಿದೆ. ಮಾರಣಕಟ್ಟೆ ಜಾತ್ರೆಗೆ ಹೋಗುವ ಸೇವಂತಿಗೆ ಬೆಳೆಯುವ ಕುಟುಂಬ. ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರ, ಜ್ವರ, ಕುಂದಾಪುರಕ್ಕೆ ಓಡಾಟ. ಕೊನೆಗೆ ಡಾಕ್ಟರು, ದಿನಾ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ಎಂದು ಬರೆದುಕೊಟ್ಟರು, ಸೋಂಕು ಮರುಕಳಿಸದೆ ಇರಲಿ ಎಂದು. ಮರುಕಳಿಸಲಿಲ್ಲ. ಮಾತ್ರೆ ಮುಗಿದಾಗೆಲ್ಲ ಮಗ ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದುಕೊಟ್ಟ. ತಿಂಗಳುಗಳು ಕಳೆದವು, ವರ್ಷ ಕಳೆಯಿತು. ಎರಡನೆಯ ವರ್ಷ ಒಣಕೆಮ್ಮು ಶುರುವಾಯಿತು. ಗದ್ದೆಯ ಆಚೆ ಅಂಚಿನಿಂದ ‘ಹ್ವಾಯ್’ ಎಂದು ಮನೆಯವರನ್ನು ಕರೆಯುತ್ತಿದ್ದವರ ಕೂಗು ಅಂಗಳದವರೆಗೂ ಮುಟ್ಟದಾಯಿತು. ಬಾವಿಯಿಂದ ಒಂದು ಕೊಡ ನೀರು ಸೇದಿ ದಂಡೆ ಹಿಡಿದು ನಿಲ್ಲಬೇಕಾಯಿತು. ಕೇಳಿದರೆ, ‘ವಯಸ್ಸಾಯ್ತಲೆ ಮಗಾ, ಉಸ್ರ್ ಕಟ್ಟತ್’ ಎಂಬ ಉತ್ತರ. ಯಾವುದಾದರೂ ಮದ್ದು ತೆಗೆದುಕೊಳ್ಳುತ್ತೀರಾ ಎಂದು ಎದೆಯ ಡಾಕ್ಟರು ಕೇಳಿದಾಗ ಇಲ್ಲ ಎಂದೇ ಹೇಳಿದರು. ರಾತ್ರಿಯ ಮಾತ್ರೆಯನ್ನು ಪಕ್ಕದಲ್ಲಿದ್ದ ಸೊಸೆ ನೆನಪಿಸಿದ ಮೇಲೆ, ‘ಅದೆಂತ ಮದ್ದಾ? ಅದ್ ದಿನಾ ತಕಂಬ ಗುಳ್ಗಿ ಅಲ್ದಾ?’

ನನ್ನ ಯೋಚನೆ ನಿಂತಿರುವುದು ಈ ಮಾತಿನ ಮೇಲೆ. ದಿನಾ ತೆಗೆದುಕೊಳ್ಳುವುದು ಮದ್ದಾಗಿ ಉಳಿಯುವುದಿಲ್ಲ. ಅದು ಎಲೆ ಅಡಿಕೆಯ ಪಕ್ಕ, ದೇವರ ದೀಪದ ಪಕ್ಕ, ದಿನಚರಿಯಲ್ಲಿ ಸೇರಿಹೋಗುತ್ತದೆ. ಕಣ್ಣಿಗೆ ಬೀಳುವುದನ್ನೇ ನಿಲ್ಲಿಸುತ್ತದೆ.

ಮೂತ್ರಕೋಶದ ಔಷಧಿಗೆ ಶ್ವಾಸಕೋಶದಲ್ಲಿ ಏನು ಕೆಲಸ ಎಂದು ಮೊದಲು ಅನಿಸುವುದು ಸಹಜ. ಔಷಧಿಯನ್ನು ನಾವು ವಿಳಾಸ ಬರೆದು ಅಂಚೆಗೆ ಹಾಕಿದ ಕಾಗದದ ಹಾಗೆ ಭಾವಿಸುತ್ತೇವೆ: ತಲೆನೋವಿನದು ತಲೆಗೆ, ಹೊಟ್ಟೆಯದು ಹೊಟ್ಟೆಗೆ. ದೇಹದಲ್ಲಿ ಅಂಥ ವಿಳಾಸ ಇಲ್ಲ. ರಕ್ತಕ್ಕೆ ಸೇರಿದ್ದು ಎಲ್ಲಿಗೂ ಹೋಗುತ್ತದೆ. ಶ್ವಾಸಕೋಶಕ್ಕಂತೂ ತಪ್ಪದೆ ಹೋಗುತ್ತದೆ. ಸುಮ್ಮನೆ ಕುಳಿತಿರುವ ಮನುಷ್ಯನಲ್ಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ, ಅಂದರೆ ಹೆಚ್ಚುಕಡಿಮೆ ಮೈಯಲ್ಲಿರುವ ರಕ್ತವೆಲ್ಲ, ಶ್ವಾಸಕೋಶವನ್ನು ಹಾದು ಬರುತ್ತದೆ. ಅಲ್ಲಿರುವ ಕೋಟಿಗಟ್ಟಲೆ ಗಾಳಿಚೀಲಗಳ ಗೋಡೆ ಎಷ್ಟು ತೆಳುವೆಂದರೆ ಗಾಳಿಗೂ ರಕ್ತಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಹೊರಗಿನ ಜಗತ್ತಿಗೆ ಇಷ್ಟು ಹತ್ತಿರವಿದ್ದು, ಒಳಗಿನದನ್ನೆಲ್ಲ ನಿಮಿಷಕ್ಕೊಮ್ಮೆ ಬರಮಾಡಿಕೊಳ್ಳುವ ಇನ್ನೊಂದು ಅಂಗ ಇಲ್ಲ. ಹೊಗೆ ಧೂಳು ಹೊರಗಿನಿಂದ ಬಂದರೆ, ನುಂಗಿದ ಮಾತ್ರೆ ಒಳಗಿನ ದಾರಿ ಹಿಡಿದು ಅದೇ ಜಾಗಕ್ಕೆ ಬರುತ್ತದೆ.

ಇನ್ನು ಔಷಧಿಯ ವಿಚಾರ. ನೈಟ್ರೋಫ್ಯೂರಾಂಟಾಯಿನ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1953ರಲ್ಲಿ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುಮಾಡಿದ್ದೂ ಅದೇ ವರ್ಷ, ಕಾಕತಾಳೀಯ. ನಡುವೆ ಹೊಸ ಹೊಸ ಆ್ಯಂಟಿಬಯೋಟಿಕ್‌ಗಳು ಬಂದು ಇದು ಮೂಲೆ ಸೇರಿತ್ತು. ಆ ಹೊಸವುಗಳನ್ನು ನಾವು ಮನಬಂದಂತೆ ನುಂಗಿ, ಬ್ಯಾಕ್ಟೀರಿಯಾಗಳು ಅವಕ್ಕೆ ಬಗ್ಗದಂತಾದ ಮೇಲೆ, ಹಳೆಯದನ್ನೇ ಮತ್ತೆ ಕರೆಯಬೇಕಾಯಿತು. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೂ ಸರಳ ಮೂತ್ರಕೋಶ ಸೋಂಕಿಗೆ ಇದನ್ನು ಮೊದಲ ಸಾಲಿನಲ್ಲಿ ಇಡುತ್ತದೆ. ಎಪ್ಪತ್ತು ವರ್ಷವಾದರೂ ಇದು ಮೊಂಡಾಗದೆ ಉಳಿದದ್ದಕ್ಕೆ ಕಾರಣ ಇದೆ. ಬ್ಯಾಕ್ಟೀರಿಯಾದ ಒಳಗೆ ಹೋದಾಗ ಅದರದೇ ಕಿಣ್ವಗಳು ಈ ಔಷಧಿಯನ್ನು ಒಡೆದು, ಕಂಡಕಂಡಲ್ಲಿ ಕಚ್ಚುವ ತುಣುಕುಗಳನ್ನಾಗಿ ಮಾಡುತ್ತವೆ. ಅವು ಒಂದೇ ಕಡೆ ಹೊಡೆಯುವುದಿಲ್ಲ, ಡಿಎನ್‌ಎಗೂ ಹೊಡೆಯುತ್ತವೆ, ಪ್ರೊಟೀನ್ ತಯಾರಾಗುವಲ್ಲಿಗೂ ಹೊಡೆಯುತ್ತವೆ. ಎಲ್ಲ ಕಡೆಯಿಂದ ಬೀಳುವ ಏಟಿಗೆ ತಪ್ಪಿಸಿಕೊಳ್ಳುವ ಉಪಾಯ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಹೊಳೆಯುವುದಿಲ್ಲ.

ಇದೇ ಒಡೆಯುವಿಕೆ ನಮ್ಮ ಜೀವಕೋಶದಲ್ಲೂ ಸ್ವಲ್ಪ ಮಟ್ಟಿಗೆ ನಡೆಯಬಲ್ಲದು. ಅಲ್ಲಿ ಆಮ್ಲಜನಕ ಹೇರಳವಾಗಿದ್ದರೆ ಆ ತುಣುಕು ಆಮ್ಲಜನಕಕ್ಕೆ ತನ್ನ ಕೆಂಡ ದಾಟಿಸಿ ಮತ್ತೆ ಮೊದಲಿನಂತಾಗುತ್ತದೆ, ಮತ್ತೆ ಒಡೆಯುತ್ತದೆ, ಮತ್ತೆ ದಾಟಿಸುತ್ತದೆ. ಒಂದೇ ಕಣ ಸುತ್ತು ಹಾಕುತ್ತಾ ಗಾಯಮಾಡುತ್ತಾ ಹೋಗಬಹುದು. ದೇಹದಲ್ಲಿ ಆಮ್ಲಜನಕ ಎಲ್ಲಕ್ಕಿಂತ ಹೆಚ್ಚಿರುವ ಜಾಗ ಯಾವುದೆಂದು ಹೇಳಬೇಕಾಗಿಲ್ಲ. ಶ್ವಾಸಕೋಶ ಕೆಡುವುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. ಇನ್ನೊಂದು, ಔಷಧಿಯನ್ನು ಶತ್ರುವೆಂದು ತಿಳಿದು ದೇಹವೇ ಎಬ್ಬಿಸುವ ಅಲರ್ಜಿಯ ಗಲಾಟೆ. ನನಗೆ ಮೊದಲನೆಯದು ಬಿಡದೆ ಕಾಡುತ್ತದೆ. ಕೊಲ್ಲುವ ಗುಣ, ಕಾಯುವ ಗುಣ ಎಂದು ಇಲ್ಲಿ ಎರಡಿಲ್ಲ. ರೋಗಾಣುವನ್ನು ಕೊಂದ ರಸಾಯನವೇ ಗಾಳಿಚೀಲದ ಗೋಡೆಯನ್ನೂ ಸುಡುತ್ತದೆ, ಒಂದಿಷ್ಟೂ ಬದಲಾಗದೆ.

ಸಮುದ್ರಮಥನದ ಕಥೆ ಇಲ್ಲಿ ತಾನಾಗಿ ನಾಲಗೆಗೆ ಬರುತ್ತದೆ. ಆದರೆ ಅದು ನಮಗೆ ಕೊಡುವ ಸಮಾಧಾನ ಇಲ್ಲಿ ಸಿಗುವುದಿಲ್ಲ. ಅಲ್ಲಿ ಹಾಲಾಹಲ ಬೇರೆ ಬಂತು, ಅಮೃತ ಬೇರೆ ಬಂತು. ವಿಷ ಬಂದಾಗ ಅದನ್ನು ಕುಡಿದು ಗಂಟಲಲ್ಲಿ ತಡೆಯಬಲ್ಲ ಒಬ್ಬ ದೇವರಿದ್ದ. ನಮ್ಮ ಮಾತ್ರೆಯಲ್ಲಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ವಿಷದ ಪಾಲು ಬರುವುದು ತಡೆಯಬಲ್ಲವನಿಗಲ್ಲ, ಹೆಮ್ಮಾಡಿಯ ಒಬ್ಬ ಮುದುಕಿಗೆ. ಸಾವಿರಾರು ಜನರಿಗೆ ಉರಿಮೂತ್ರ ವಾಸಿಯಾದ ಸುಖ ಹಂಚಿಹೋಗುತ್ತದೆ; ನೋವು ಮಾತ್ರ ಹಂಚಿಕೆಯಾಗುವುದಿಲ್ಲ, ಒಬ್ಬರ ಎದೆಯ ಮೇಲೆಯೇ ಇಡಿಯಾಗಿ ಬಂದು ಕೂರುತ್ತದೆ. ‘ಅಪರೂಪ’ ಎನ್ನುವುದು ಲೆಕ್ಕ ಇಡುವವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಉಸಿರು ಕಟ್ಟಿದವಳಿಗೆ ಅಪರೂಪದ ಕಾಯಿಲೆ ಅರ್ಧವಾಗಿ ಬರುವುದಿಲ್ಲವಲ್ಲ.

ಈ ಹಾನಿಗೆ ಎರಡು ಮುಖ. ಒಂದು ಬೇಗ ಬರುವಂಥದು. ಮಾತ್ರೆ ಶುರುಮಾಡಿ ಕೆಲವು ದಿನಗಳಲ್ಲೇ ಚಳಿ, ಜ್ವರ, ಕೆಮ್ಮು, ಏದುಸಿರು. ಹಿಂದೆ ಇದೇ ಮಾತ್ರೆ ತೆಗೆದುಕೊಂಡಿದ್ದವರಿಗೆ ಗಂಟೆಗಳಲ್ಲೇ ಬಂದೀತು. 1962ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇದನ್ನು ವಿವರಿಸಿದರು. ಮಾತ್ರೆ ನಿಲ್ಲಿಸಿದರೆ ಬಹಳಷ್ಟು ಜನ ದಿನಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ಎಕ್ಸ್‌ರೇ ನೋಡಿ ಇದನ್ನು ನ್ಯುಮೋನಿಯಾ ಎಂದುಕೊಂಡು, ಹಳೆಯ ಆ್ಯಂಟಿಬಯೋಟಿಕ್ ನಿಲ್ಲಿಸದೆ ಹೊಸದೊಂದನ್ನು ಸೇರಿಸುವುದು ಇಲ್ಲಿನ ಅಪಾಯ. ಇನ್ನೊಂದು ನಿಧಾನದ್ದು. ಆರು ತಿಂಗಳು, ವರ್ಷ, ಎರಡು ವರ್ಷ ದಿನಾ ನುಂಗಿದವರಲ್ಲಿ ಸದ್ದಿಲ್ಲದೆ ಬೆಳೆಯುವಂಥದು. 1968ರಲ್ಲಿ ಐದು ರೋಗಿಗಳ ವರದಿಯೊಂದಿಗೆ ಇದು ಬೆಳಕಿಗೆ ಬಂತು. ಜ್ವರವಿಲ್ಲ, ಗದ್ದಲವಿಲ್ಲ. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟರೆ ಉಸಿರೆಳೆದಾಗ ಚರಚರ ಸದ್ದು, ಸಿ.ಟಿ. ಸ್ಕ್ಯಾನಿನಲ್ಲಿ ಮಸುಕು, ಕೆಲವೊಮ್ಮೆ ಕಲೆಗಟ್ಟಿ ಬಿಗಿದ ಅಂಗಾಂಶ. ನಿಲ್ಲಿಸಿದ ಮೇಲೆ ಕೆಲವರಿಗೆ ಪೂರ್ತಿ ವಾಸಿಯಾಗುತ್ತದೆ, ಕೆಲವರಿಗೆ ಸ್ಟಿರಾಯ್ಡ್ ಬೇಕಾಗುತ್ತದೆ, ಕೆಲವರಲ್ಲಿ ಕಲೆ ಉಳಿದೇ ಹೋಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಯ ಶ್ವಾಸಕೋಶದ ಹಾಗೂ ಯಕೃತ್ತಿನ ಅಪಾಯವನ್ನು ವೈದ್ಯರಿಗೆ ಮತ್ತೆ ನೆನಪಿಸಿದ್ದು 2023ರ ಏಪ್ರಿಲ್‌ನಲ್ಲಿ. ಅರವತ್ತು ವರ್ಷದಿಂದ ಗೊತ್ತಿರುವುದನ್ನು ಮತ್ತೆ ನೆನಪಿಸಬೇಕಾಗಿ ಬಂತು.

ಗೊತ್ತಿದ್ದೂ ಯಾಕೆ ಕಾಣುವುದಿಲ್ಲ? ಡಾಕ್ಟರಿಗೆ ಪುರುಸೊತ್ತಿಲ್ಲ, ಮೆಡಿಕಲ್‌ನವರು ಹಳೇ ಚೀಟಿಗೆ ಕೊಡುತ್ತಾರೆ ಎಂದು ದೂರುವುದು ಸುಲಭ. ಅದರಲ್ಲಿ ನಿಜವೂ ಇದೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಕೆಡುಕು ಕೆಟ್ಟದ್ದರಿಂದ ಬರುತ್ತದೆ ಎಂದು ನಾವು ಒಳಗೊಳಗೇ ನಂಬಿದ್ದೇವೆ. ಮೈಗೆ ಹುಷಾರಿಲ್ಲದಾದಾಗ ಮೊದಲು ಹುಡುಕುವುದು ಮಾಡಿದ ತಪ್ಪನ್ನು: ತಣ್ಣನೆ ನೀರು ಕುಡಿದೆನೇ, ಮಳೆಯಲ್ಲಿ ನೆನೆದೆನೇ, ಹಾಳುಮೂಳು ತಿಂದೆನೇ. ಇನ್ನೂ ಆಳಕ್ಕೆ ಇಳಿದರೆ, ನಾಗನಿಗೆ ಏನು ಲೋಪವಾಯಿತು, ಯಾವ ಜನ್ಮದ ಪಾಪ ಎಂಬಲ್ಲಿಗೂ ಹೋದೇವು. ಒಳ್ಳೆಯದು ಮಾಡಿದ್ದರ ಕಡೆಗೆ ಬೆರಳು ಹೋಗುವುದೇ ಇಲ್ಲ. ಹೋದರೂ ಕೃತಘ್ನತೆ ಅನಿಸುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದವರು ನಾವು. ರಾತ್ರಿಯೆಲ್ಲ ಉರಿಯಲ್ಲಿ ಎದ್ದು ಎದ್ದು ಹೋಗುತ್ತಿದ್ದವಳಿಗೆ ನಿದ್ದೆ ಕೊಟ್ಟ ಮಾತ್ರೆ ಅದು. ಅದನ್ನು ಅನುಮಾನಿಸು ಎಂದರೆ ದೊಡ್ಡಮ್ಮನ ಮನಸ್ಸು ಒಪ್ಪೀತೇ? ಡಾಕ್ಟರ ಕತೆಯೂ ಇದೇ. ತಾನು ಬರೆದ ಮಾತ್ರೆ ಗೆದ್ದಿದೆ. ರೋಗಿ ‘ನಿಮ್ಮ ಕೈಗುಣ’ ಎಂದು ಕೈ ಮುಗಿದಿದ್ದಾಳೆ. ಆ ಕೈಗುಣವನ್ನೇ ಮರುಪರೀಕ್ಷೆಗೆ ಒಡ್ಡುವುದಕ್ಕೆ ವೈದ್ಯಶಾಸ್ತ್ರದ ಓದು ಸಾಲದು.

ಬೋಳುಗುಡ್ಡ ಹಸಿರಾಗಲಿ ಎಂದು ನಮ್ಮ ಮುರಕಲ್ಲಿನ ಬಯಲುಗಳಲ್ಲಿ ಅಕೇಶಿಯ ನೆಟ್ಟಾಗಲೂ ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಹಸಿರು ಬಂತು ಕೂಡ. ಬಂದ ಹಸಿರನ್ನು ನೋಡಿದವರಿಗೆ, ಅದರ ಕೆಳಗೆ ಹುಲ್ಲು ಯಾಕಿಲ್ಲ ಎಂದು ಕೇಳುವುದಕ್ಕೆ ಎಷ್ಟೋ ವರ್ಷ ಬೇಕಾಯಿತು.

ಇದೊಂದೇ ಔಷಧಿಯನ್ನು ಕಟಕಟೆಗೆ ನಿಲ್ಲಿಸುವುದೂ ನ್ಯಾಯವಲ್ಲ. ಬೇರೆ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಸೋಂಕುಗಳಿಗೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಡ್ಯಾಪ್ಟೋಮೈಸಿನ್ ಒಂದು ಬಗೆಯ ನ್ಯುಮೋನಿಯಾ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಎಚ್ಚರಿಸಿತು. ಮೊಡವೆಗೆ ಕೊಡುವ ಮಿನೊಸೈಕ್ಲಿನ್ ಕೂಡ ಅಪರೂಪಕ್ಕೆ ಶ್ವಾಸಕೋಶ ಕೆಡಿಸಿದ್ದುಂಟು. ಎಲ್ಲಕ್ಕಿಂತ ವಿಚಿತ್ರ ಬ್ಲಿಯೋಮೈಸಿನ್‌ದು. ಜಪಾನಿನ ಹಮಾವೊ ಉಮೆಜಾವ 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಈ ಆ್ಯಂಟಿಬಯೋಟಿಕ್ ಕ್ಯಾನ್ಸರಿಗೆ ಮದ್ದಾಯಿತು, ಎಷ್ಟೋ ಯುವಕರನ್ನು ಬದುಕಿಸಿತು. ಜೊತೆಗೆ ಶ್ವಾಸಕೋಶದಲ್ಲಿ ಕಲೆ ಎಬ್ಬಿಸುವುದರಲ್ಲಿ ಎಷ್ಟು ನಿಷ್ಠೆ ತೋರಿಸಿತೆಂದರೆ, ಆ ಕಲೆರೋಗವನ್ನು ಅಭ್ಯಾಸ ಮಾಡುವ ಪ್ರಯೋಗಾಲಯಗಳು ಇಲಿಗಳಿಗೆ ರೋಗ ಬರಿಸಲು ಇವತ್ತಿಗೂ ಇದನ್ನೇ ಕೊಡುತ್ತವೆ.

ಮತ್ತೊಂದು ಬಗೆಯುಂಟು, ನಮ್ಮ ಗದ್ದೆಗಳಿಗೆ ಇನ್ನೂ ಹತ್ತಿರದ್ದು. ಮಳೆಗಾಲದಲ್ಲಿ ಕೆಸರಿಗೆ ಇಳಿದವರಿಗೆ ಬರುವ ಇಲಿಜ್ವರ ಕರಾವಳಿಯವರಿಗೆ ಹೊಸತಲ್ಲ. ಪೆನಿಸಿಲಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಕೆಲವು ರೋಗಿಗಳಿಗೆ ಒಮ್ಮೆಲೇ ಚಳಿ ನಡುಕ ಬಂದು ಜ್ವರ ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕೆಲವೊಮ್ಮೆ ಉಸಿರಾಟವೂ ಹದಗೆಡುತ್ತದೆ. ಯಾರಿಶ್ ಎಂಬ ವೈದ್ಯರು 1895ರಲ್ಲಿ, ಹರ್ಕ್ಸ್‌ಹೈಮರ್ ಎಂಬವರು 1902ರಲ್ಲಿ, ಸಿಫಿಲಿಸ್ ರೋಗಿಗಳಿಗೆ ಪಾದರಸ ಕೊಡುವಾಗ ಗಮನಿಸಿದ ಪ್ರತಿಕ್ರಿಯೆ ಇದು. ಮದ್ದು ತಪ್ಪಲ್ಲ, ಮದ್ದು ಸರಿಯಾಗಿಯೇ ತಗಲಿದೆ. ಸತ್ತ ರೋಗಾಣುಗಳ ಚೂರುಗಳನ್ನು ಕಂಡು ದೇಹ ಕೆರಳಿದೆ. ಕ್ಷಯದ ಚಿಕಿತ್ಸೆಯಲ್ಲೂ ಹೀಗಾಗುವುದುಂಟು. ಮಾತ್ರೆ ಶುರುವಾಗಿ ಹುಷಾರಾಗುತ್ತಿದ್ದ ರೋಗಿಗೆ ಇದ್ದಕ್ಕಿದ್ದ ಹಾಗೆ ಜ್ವರ ಮರಳಿ ಎಕ್ಸ್‌ರೇ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ರೋಗ ಗೆಲ್ಲುತ್ತಿರಬೇಕೆಂದಿಲ್ಲ, ಇಷ್ಟು ದಿನ ಸೋತು ಮಲಗಿದ್ದ ದೇಹದ ಕಾವಲು ಎದ್ದು ಕೂತಿರಬಹುದು.

ಉರಿಯೂತವೆಂದರೆ ಕಡೆಗೂ ಇದೇ, ನಮ್ಮದೇ ಕಾವಲಿನ ಕೆಲಸ. ಸುಡುವುದೂ ಕಲೆ ಉಳಿಸುವುದೂ ನಮ್ಮನ್ನು ಕಾಯಲೆಂದೇ ಇರುವ ಜೀವಕೋಶಗಳು. ಹಾಗಾದರೆ ಅಪರಾಧಿ ಯಾರು? ರೋಗಾಣುವೇ, ಮದ್ದೇ, ಬರೆದವರೇ, ನುಂಗಿದವರೇ, ಕಾವಲು ಕಾಯುತ್ತಿದ್ದ ಮೈಯೇ? ಯಕ್ಷಗಾನದ ಪ್ರಸಂಗದಲ್ಲಿ ರಕ್ಕಸ ಯಾರೆಂದು ಮುಖವರ್ಣಿಕೆ ನೋಡಿದ ಕೂಡಲೇ ಮಗುವಿಗೂ ತಿಳಿಯುತ್ತದೆ. ಇಲ್ಲಿ ರಂಗಕ್ಕೆ ಬಂದವರೆಲ್ಲ ಬಣ್ಣವಿಲ್ಲದೆ ಬಂದಿದ್ದಾರೆ, ಎಲ್ಲರೂ ತಮ್ಮ ತಮ್ಮ ಧರ್ಮವನ್ನೇ ಮಾಡಿದ್ದಾರೆ, ಆದರೂ ಒಬ್ಬಳ ಉಸಿರು ಹೋಗುತ್ತಿದೆ. ತಪ್ಪಿತಸ್ಥರಿಲ್ಲದ ದುಃಖವನ್ನು ಹೇಗೆ ಹೊರುವುದೆಂದು ನಮ್ಮ ಕಥೆಗಳು ನಮಗೆ ಅಷ್ಟಾಗಿ ಕಲಿಸಿಕೊಟ್ಟಿಲ್ಲ. ಅದಕ್ಕೇ ಇರಬೇಕು, ಇಂಥದ್ದಾದಾಗ ಆಸ್ಪತ್ರೆಯ ಗಾಜು ಒಡೆಯುವುದು ಅಥವಾ ಹಣೆಬರಹ ಎಂದು ಸುಮ್ಮನಾಗುವುದು, ಇವೆರಡು ಬಿಟ್ಟು ಮೂರನೆಯದು ನಮಗೆ ಹೊಳೆಯದಿರುವುದು.

ದಿನಾ ನುಂಗುವ ಮದ್ದಿನ ಮಾತಿಗೆ ಮರಳುವುದಾದರೆ, ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ರಾತ್ರಿಯ ಪೂಜೆಯಾದ ಮೇಲೆ ಕಷಾಯವನ್ನು ತೀರ್ಥವಾಗಿ ಕೊಡುತ್ತಾರೆ. ತಪಸ್ಸಿನಲ್ಲಿದ್ದ ಶಂಕರಾಚಾರ್ಯರು ಕಾಯಿಲೆ ಬಿದ್ದು ಏಳಲಾರದಾದಾಗ ಮೂಕಾಂಬಿಕೆಯೇ ಕಷಾಯ ಕಾಯಿಸಿ ತಂದುಕೊಟ್ಟಳೆಂದು ಐತಿಹ್ಯ. ಅದರ ಮಹಿಮೆ ಭಕ್ತರಿಗೆ ಬಿಟ್ಟದ್ದು. ನನ್ನ ಗಮನ ಅದರ ಅಳತೆಯ ಮೇಲೆ: ಅಂಗೈಯ ಗುಳಿ ತುಂಬುವಷ್ಟು, ಆ ರಾತ್ರಿಗೆ. ಹಳ್ಳಿಯ ಮದ್ದಿನವರೂ ಹಾಗೆಯೇ. ಇಷ್ಟು ದಿನದ ಮದ್ದು, ಇಷ್ಟು ದಿನದ ಪಥ್ಯ, ಆಮೇಲೆ ಬಂದು ಮುಖ ತೋರಿಸು ಎಂದು ಹೇಳಿ ಕಳಿಸುತ್ತಿದ್ದರು. ಮದ್ದಿಗೆ ಒಂದು ಕೊನೆ ಇತ್ತು, ಆ ಕೊನೆಯಲ್ಲಿ ಇನ್ನೊಮ್ಮೆ ನೋಡುವ ಕಣ್ಣಿತ್ತು. ಇದನ್ನು ಹೇಳಿದ ಕೂಡಲೇ ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲ ಎಂಬ ಜಾಹೀರಾತಿನವರು ಖುಷಿಪಡುವುದು ಬೇಡ. ಹಾವಿನ ಮದ್ದೆಂದು ಹೆಸರಾದ ಈಶ್ವರಿ ಬೇರಿನ ಕುಲದ ಗಿಡಗಳಲ್ಲಿ ಮೂತ್ರಪಿಂಡವನ್ನು ಹಾಳುಮಾಡುವ ಆಮ್ಲವಿದೆ, ಅದು ಕ್ಯಾನ್ಸರನ್ನೂ ತರುತ್ತದೆ. ನಾಟಿ ಮದ್ದಿನ ಹಿರಿಮೆ ಮೂಲಿಕೆಯಲ್ಲಿ ಇತ್ತೋ ಇಲ್ಲವೋ, ‘ಮತ್ತೆ ಬಾ, ಕಾಂಬ’ ಎನ್ನುವ ಮಾತಿನಲ್ಲಂತೂ ಇತ್ತು.

ರಾತ್ರಿಗೊಂದು ಎಂದು ಬರೆದ ಮಾತ್ರೆಗೆ ಆ ಕೊನೆ ಇಲ್ಲ. ಸೋಂಕು ಬಂದಾಗ ಐದಾರು ದಿನ ಕೊಡುವ ಮಾತ್ರೆ, ಸೋಂಕು ಬಾರದಿರಲಿ ಎಂದು ಕೊಟ್ಟಾಗ ಎಲ್ಲಿ ನಿಲ್ಲಿಸಬೇಕು? ಕಾಯಿಲೆ ಮುಗಿಯುವುದು ಕಾಣುತ್ತದೆ. ಭಯ ಮುಗಿಯುವುದು ಕಾಣುವುದಿಲ್ಲ. ನಾವು ನಂಬಿಕೆ ಎಂದು ಕರೆಯುವುದರಲ್ಲಿ ಎಷ್ಟು ಪಾಲು ನಂಬಿಕೆ, ಎಷ್ಟು ಪಾಲು ಬರೀ ರೂಢಿ ಎಂದು ನೋಡಬೇಕಾದದ್ದು ಇಲ್ಲೇ. ನಂಬಿದವರನ್ನು ನಾವು ಆಗಾಗ ನೋಡುತ್ತೇವೆ, ಮಾತಾಡಿಸುತ್ತೇವೆ, ಮುನಿಸಿಕೊಳ್ಳುತ್ತೇವೆ ಕೂಡ. ರೂಢಿಯಾದದ್ದನ್ನು ನೋಡುವುದೇ ಇಲ್ಲ. ದೊಡ್ಡಮ್ಮ ಆ ಮಾತ್ರೆಯನ್ನು ನಂಬಿದ್ದರೆ ಡಾಕ್ಟರು ಕೇಳಿದಾಗ ಮೊದಲು ಅದರ ಹೆಸರನ್ನೇ ಹೇಳುತ್ತಿದ್ದರು.

ಹಾಗೆಂದು ಮಾತ್ರೆಗಳನ್ನು ಸೌಪರ್ಣಿಕಾ ಹೊಳೆಗೆ ಚೆಲ್ಲಿ ಬರುವುದೂ ದಾರಿಯಲ್ಲ. ಕ್ಷಯದ ಔಷಧಿ ತೆಗೆದುಕೊಳ್ಳುತ್ತಿರುವವರು ನಡುವೆ ಜ್ವರ ಬಂತೆಂದು ತಾವಾಗಿ ನಿಲ್ಲಿಸಿದರೆ ಆರು ತಿಂಗಳ ಚಿಕಿತ್ಸೆ ಮಣ್ಣುಪಾಲು, ಮುಂದೆ ಔಷಧಿಗೆ ಬಗ್ಗದ ಕ್ಷಯ. ಉರಿಮೂತ್ರಕ್ಕೆ ಐದು ದಿನದ ನೈಟ್ರೋಫ್ಯೂರಾಂಟಾಯಿನ್ ಬರೆದುಕೊಟ್ಟರೆ ಹೆದರಿ ಬಿಡುವಂಥದೇನಿಲ್ಲ. ಮದ್ದು ಬೀಳದೆ ಮೂತ್ರಪಿಂಡಕ್ಕೆ ಏರಿದ ಸೋಂಕು ಶ್ವಾಸಕೋಶದ ಈ ಅಪರೂಪದ ಹಾನಿಗಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕಾಡುತ್ತದೆ. ದಾರಿ ಇಷ್ಟೇ: ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಹೊಸದಾಗಿ ಕೆಮ್ಮು, ಏದುಸಿರು ಕಂಡರೆ ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಇದರಿಂದಲೂ ಇರಬಹುದೇ ಎಂದು ಕೇಳುವುದು. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರ್. ಅಷ್ಟು ದೂರ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸುವ ಮೊದಲು ಸೆರಗಿನ ಗಂಟಿನಲ್ಲಿರುವ ಮಾತ್ರೆಪಟ್ಟಿ ನೋಡುವುದಕ್ಕೆ ಖರ್ಚಿಲ್ಲ.

ಆಸ್ಪತ್ರೆಯ ಗಾಜು ಮತ್ತು ಹಣೆಬರಹ, ಇವುಗಳ ನಡುವಿನ ಮೂರನೆಯ ದಾರಿ ಬರೆದಿಡುವುದು. 1966ರಿಂದ 1976ರವರೆಗೆ ಸ್ವೀಡನ್ನಿನಲ್ಲಿ ಈ ಒಂದು ಔಷಧಿಯಿಂದ ತೊಂದರೆಯಾದ 921 ವರದಿಗಳನ್ನು ವೈದ್ಯರು ಕಳಿಸಿದ್ದರು. 1980ರಲ್ಲಿ ಅವನ್ನೆಲ್ಲ ಒಟ್ಟಿಗೆ ಓದಿದಾಗ, ಆ ತೊಂದರೆಗಳಲ್ಲಿ ಬಹುದೊಡ್ಡ ಪಾಲು ಶ್ವಾಸಕೋಶದ್ದೇ ಎಂದು ತಿಳಿಯಿತು. 921 ಕಡೆ ಒಬ್ಬೊಬ್ಬರು ಡಾಕ್ಟರು ‘ಇದು ಈ ಮಾತ್ರೆಯಿಂದ ಆಗಿರಬಹುದೇ’ ಎಂದು ಅನುಮಾನಿಸಿ, ಅನುಮಾನವನ್ನು ಅನುಮಾನವೆಂದೇ ಬರೆದು ಅಂಚೆಗೆ ಹಾಕಿದ್ದರು. ಯಾರನ್ನೂ ದೂಷಿಸದ, ಯಾವುದನ್ನೂ ಮುಚ್ಚಿಡದ ಬರವಣಿಗೆ ಅದು. ನಮ್ಮ ದೇಶದಲ್ಲೂ 2010ರಿಂದ ಇಂಥ ವ್ಯವಸ್ಥೆ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯ ಆಯೋಗ ಅದನ್ನು ನೋಡಿಕೊಳ್ಳುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಯೂ, ರೋಗಿಯ ಮನೆಯವರೂ ವರದಿ ಮಾಡಬಹುದು. 1800-180-3024 ಎಂಬ ಉಚಿತ ದೂರವಾಣಿಯೂ ಇದೆ. ದೈವದ ಕೋಲದಲ್ಲಿ ನೂರು ಜನರ ಮುಂದೆ ಅಹವಾಲು ಹೇಳಿಕೊಳ್ಳಲು ಹಿಂಜರಿಯದ ನಾವು ಈ ಅಹವಾಲನ್ನು ಮಾತ್ರ ನುಂಗಿಕೊಂಡು ಸುಮ್ಮನಿರುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಔಷಧಿಗಿಂತ ಹಿಂದಿನದು. ಈ ಹಾನಿಯ ವರದಿಗಳಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಅವರ ಶ್ವಾಸಕೋಶ ದುರ್ಬಲವೆಂದಲ್ಲ; ಮೂತ್ರದ ಸೋಂಕು ಅವರಿಗೆ ಹೆಚ್ಚು, ಹಾಗಾಗಿ ಮಾತ್ರೆಯೂ ಅವರಿಗೇ ಹೆಚ್ಚು. ಸೋಂಕು ಹೆಂಗಸರಿಗೆ ಹೆಚ್ಚಾಗುವುದಕ್ಕೆ ಶರೀರರಚನೆಯ ಕಾರಣ ಇದೆ, ಮುಟ್ಟು ನಿಂತ ಮೇಲಿನ ಬದಲಾವಣೆಗಳೂ ಇವೆ. ಅದಕ್ಕೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಎಷ್ಟೋ ಜನರಲ್ಲಿ ರಾತ್ರಿಯ ಮಾತ್ರೆಯ ಅಗತ್ಯವನ್ನೇ ತಪ್ಪಿಸಬಹುದು, ಆದರೆ ಅದನ್ನು ಕೇಳಲು ಅಜ್ಜಿಯಂದಿರಿಗೆ ನಾಚಿಕೆ, ಹೇಳಲು ಡಾಕ್ಟರಿಗೆ ಸಂಕೋಚ. ಇನ್ನುಳಿದ ಕಾರಣ ಶರೀರದಲ್ಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯುವ, ಸೋಂಕು ಪದೇ ಪದೇ ಬರುವ ಹೆಂಗಸರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಸಿದಾಗ ಸೋಂಕು ಅರ್ಧದಷ್ಟು ಕಡಿಮೆಯಾಯಿತು. ನೀರು. ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ಊರಿನಲ್ಲಿ, ಐದು ಹೊಳೆಗಳು ಒಟ್ಟಾಗಿ ಕಡಲು ಸೇರುವ ಪಂಚಗಂಗಾವಳಿಯ ದಡದಲ್ಲಿ, ಹೆಂಗಸರು ನೀರು ಕುಡಿಯದೆ ಇರುತ್ತಾರೆ.

ಯಾಕೆಂದು ಅವರಿಗೆ ಗೊತ್ತಿದೆ. ಗಂಗೊಳ್ಳಿಯ ದಕ್ಕೆಯಲ್ಲಿ ಬೆಳಗಿನ ಜಾವಕ್ಕೆ ಮೀನು ಹಿಡಿದು ಕೂತವರು, ಬುಟ್ಟಿ ಹೊತ್ತು ಊರೂರು ತಿರುಗುವವರು, ಗೇರುಬೀಜ ಸುಲಿಯುತ್ತಾ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರು, ಸಂತೆಯಲ್ಲಿ ತರಕಾರಿ ಹರಡಿದವರು, ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವವರು ಬೆಳಿಗ್ಗೆ ಒಂದು ಲೋಟ ಚಾ ಕುಡಿದು ಬಂದರೆ ಮತ್ತೆ ಗಂಟಲಿಗೆ ನೀರು ಹಾಕುವುದು ಮನೆ ಮುಟ್ಟಿದ ಮೇಲೆ. ಎದ್ದು ಹೋಗಲು ಜಾಗವಿಲ್ಲ, ಇದ್ದಲ್ಲಿ ಬಾಗಿಲಿಗೆ ಚಿಲಕವಿಲ್ಲ, ಚಿಲಕವಿದ್ದಲ್ಲಿ ಒಳಗೆ ನೀರಿಲ್ಲ. ಆ ಕೊರತೆ ಮೂತ್ರಕೋಶಕ್ಕೆ ಇಳಿಯುತ್ತದೆ, ಅಲ್ಲಿಂದ ಡಾಕ್ಟರ ಚೀಟಿಗೆ ಹೋಗುತ್ತದೆ, ಚೀಟಿಯಿಂದ ರಾತ್ರಿಯ ಮಾತ್ರೆಯಾಗಿ ಎಲ್ಲೋ ಒಬ್ಬಳ ಎದೆಯನ್ನು ಮುಟ್ಟುತ್ತದೆ. ಎದೆಯ ಡಾಕ್ಟರು ಮಾತ್ರೆ ನಿಲ್ಲಿಸಿ ಎನ್ನುತ್ತಾರೆ, ಅದು ಸರಿಯಾದ ಮಾತು. ಮಾತ್ರೆ ನಿಂತ ಮೇಲೆ ಉರಿ ಮತ್ತೆ ಬಂದರೆ ಮುಂದಿನ ಚೀಟಿಯಲ್ಲಿ ‘ಚೆನ್ನಾಗಿ ನೀರು ಕುಡಿಯಿರಿ’ ಎಂಬ ಸಾಲು ಇರುತ್ತದೆ, ಅದೂ ಸರಿಯಾದ ಮಾತೇ. ಅವಳು ತಲೆಯಾಡಿಸಿ ಚೀಟಿ ಮಡಚಿಕೊಂಡು ಮರುದಿನ ಬೆಳಿಗ್ಗೆ ಐದಕ್ಕೆ, ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಟ್ಟು, ದಕ್ಕೆಗೆ ಹೋಗುತ್ತಾಳೆ.